ಮನೆಯ ಒಳಾಂಗಣದ ಫೋಟೊಗೆ ಕ್ಯಾಮೆರಾ: ಮೊದಲು ಲೆನ್ಸ್, ಆಮೇಲೆ ಬಾಡಿ

ಪ್ರಶ್ನೆ: ಮೈಸೂರಿನಲ್ಲಿ ಮನೆಗಳ ಮಾರಾಟ ಮತ್ತು ಬಾಡಿಗೆ ವ್ಯವಹಾರ ಕುದುರಿಸಿಕೊಡುವ ಕೆಲಸ ಮಾಡುತ್ತೇನೆ. ಹೆಚ್ಚಿನವು 20×30, 30×40 ನಿವೇಶನಗಳ ಮನೆಗಳು ಮತ್ತು ಎರಡು ಬೆಡ್‌ರೂಂಗಳ ಫ್ಲ್ಯಾಟ್‌ಗಳು. ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇಯವರೂ ಆಗಾಗ ಫೋಟೊ ತೆಗೆದುಕೊಡಿ ಎಂದು ಕರೆಯುತ್ತಾರೆ. ಈವರೆಗೆ ಮೊಬೈಲಿನಲ್ಲೇ ತೆಗೆಯುತ್ತಿದ್ದೇನೆ. ಸಾಮಾನ್ಯ ಲೆನ್ಸ್‌ನಲ್ಲಿ ಅರ್ಧ ಕೋಣೆ ಮಾತ್ರ ಬರುತ್ತದೆ, 0.5 ಒತ್ತಿದರೆ ಗೋಡೆಗಳು ವಾಲುತ್ತವೆ, ಕಿಟಕಿ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಸುಮಾರು ಒಂದು ಲಕ್ಷ ರೂಪಾಯಿಯೊಳಗೆ ಒಂದು ವೈಡ್ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಫುಲ್ ಫ್ರೇಮ್ ಬಾಡಿಯನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ನೀವು ಮೂರು ತೊಂದರೆಗಳನ್ನು ಹೇಳಿದ್ದೀರಿ. ಅರ್ಧ ಕೋಣೆ ಮಾತ್ರ ಬರುವುದಕ್ಕೆ ಪರಿಹಾರ ಲೆನ್ಸ್‌ನಲ್ಲಿದೆ. ಗೋಡೆ ವಾಲುವುದಕ್ಕೆ ಪರಿಹಾರ ಟ್ರೈಪಾಡ್ ಮತ್ತು ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯುವುದರಲ್ಲಿದೆ. ಕಿಟಕಿ ಸುಡುವುದಕ್ಕೆ ಪರಿಹಾರ ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಹಾಕುವ ಕ್ರಮದಲ್ಲಿ ಮತ್ತು ಫೋಟೊ ತೆಗೆಯುವ ಹೊತ್ತಿನಲ್ಲಿದೆ. ಈ ಮೂರರಲ್ಲಿ ಒಂದೂ ಬಾಡಿ ದುಬಾರಿಯಾದ ಮಾತ್ರಕ್ಕೆ ಸರಿಹೋಗುವುದಿಲ್ಲ. ಆದ್ದರಿಂದ ಹಣವನ್ನು ಮೊದಲು ಲೆನ್ಸ್‌ಗೆ, ಆಮೇಲೆ ಟ್ರೈಪಾಡ್‌ಗೆ, ಉಳಿದದ್ದನ್ನು ಬಾಡಿಗೆ ಹಾಕಿ ಎನ್ನುವುದು ನನ್ನ ಸ್ಪಷ್ಟ ಸಲಹೆ. ನಿಮ್ಮ ಮೊತ್ತಕ್ಕೆ ಫುಲ್ ಫ್ರೇಮ್ ಬಾಡಿ, ಎಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಬಾಡಿ, ಕೊಂಡರೆ ಅದಕ್ಕೆ ತಕ್ಕ ವೈಡ್ ಲೆನ್ಸ್‌ಗೆ ಹಣ ಉಳಿಯುವುದಿಲ್ಲ. ಸಾಮಾನ್ಯ ಲೆನ್ಸ್ ಹಾಕಿದ ಫುಲ್ ಫ್ರೇಮ್ ಬಾಡಿಗಿಂತ ಒಳ್ಳೆಯ ವೈಡ್ ಲೆನ್ಸ್ ಹಾಕಿದ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್‌ನ) ಬಾಡಿ ನಿಮ್ಮ ಕೆಲಸಕ್ಕೆ ಎಷ್ಟೋ ಪಾಲು ಮೇಲು.

ಎಷ್ಟು ವೈಡ್ ಬೇಕು ಎಂಬುದನ್ನು ಊಹೆಗೆ ಬಿಡುವ ಅಗತ್ಯವಿಲ್ಲ, ಲೆಕ್ಕ ಹಾಕಿ ನೋಡಬಹುದು. ಲೆನ್ಸ್‌ಗಳನ್ನು ಹೋಲಿಸಲು ಛಾಯಾಗ್ರಾಹಕರು 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ 28 ಮಿ.ಮೀ. ಲೆನ್ಸ್ ಅಡ್ಡಲಾಗಿ ಸುಮಾರು 65 ಡಿಗ್ರಿ ನೋಡುತ್ತದೆ, 24 ಮಿ.ಮೀ. ಸುಮಾರು 74 ಡಿಗ್ರಿ, 18 ಮಿ.ಮೀ. ಸರಿಯಾಗಿ 90 ಡಿಗ್ರಿ, 16 ಮಿ.ಮೀ. ಸುಮಾರು 97 ಡಿಗ್ರಿ, 14 ಮಿ.ಮೀ. ಸುಮಾರು 104 ಡಿಗ್ರಿ. ಈಗ ನಿಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾದ 10×12 ಅಡಿಯ ಬೆಡ್‌ರೂಂ ಒಂದನ್ನು ತೆಗೆದುಕೊಳ್ಳಿ. ಹತ್ತಡಿ ಗೋಡೆಯ ನಡುವೆ ಟ್ರೈಪಾಡ್ ಇಟ್ಟರೆ ಅದರ ಕಾಲುಗಳಿಗೇ ಒಂದೂವರೆ ಅಡಿ ಹೋಗಿ, ಲೆನ್ಸ್‌ನಿಂದ ಎದುರು ಗೋಡೆಗೆ ಹತ್ತೂವರೆ ಅಡಿ ಉಳಿಯುತ್ತದೆ. ಅಲ್ಲಿಂದ 28 ಮಿ.ಮೀ.ನಲ್ಲಿ ಎದುರು ಗೋಡೆ ಪೂರ್ತಿ ಬಂದರೂ ಅಕ್ಕಪಕ್ಕದ ಗೋಡೆಗಳ ಕೊನೆಯ ಎರಡೂ ಮುಕ್ಕಾಲು ಅಡಿ ಮಾತ್ರ ಕಾಣುತ್ತದೆ. 24ರಲ್ಲಿ ಅದು ಮೂರೂ ಮುಕ್ಕಾಲು ಅಡಿಯಾಗುತ್ತದೆ. 18ರಲ್ಲಿ ಐದೂವರೆ ಅಡಿ ಬರುತ್ತದೆ. ಪಕ್ಕದ ಗೋಡೆಗಳು ಅರ್ಧದಷ್ಟಾದರೂ ಕಂಡಾಗಲೇ ನೋಡುವವರಿಗೆ ತಾವು ಕೋಣೆಯೊಳಗೆ ನಿಂತಿದ್ದೇವೆ ಎನಿಸುತ್ತದೆ. ಮೂಲೆಯಿಂದ ತೆಗೆಯುವಾಗ ಈ ಲೆಕ್ಕ ಇನ್ನೂ ಸರಳ. ಎರಡು ಗೋಡೆಗಳು ಮೂಲೆಯಲ್ಲಿ 90 ಡಿಗ್ರಿಯಲ್ಲಿ ಸೇರುವುದರಿಂದ, 18 ಮಿ.ಮೀ. ನೋಟದ ಲೆನ್ಸನ್ನು ಮೂಲೆಗೆ ಒತ್ತಿ ಇಟ್ಟರೆ ಇಡೀ ಕೋಣೆ ಫ್ರೇಮಿನೊಳಗೆ ಬಂದಂತೆಯೇ. ಹೀಗಾಗಿ ನಮ್ಮ ಮಧ್ಯಮ ವರ್ಗದ ಮನೆಗಳಿಗೆ 16ರಿಂದ 24ರವರೆಗಿನ ನೋಟ ಸಾಕು. ಹೆಚ್ಚಿನ ಚಿತ್ರಗಳು 18 ಮತ್ತು 22ರ ನಡುವೆಯೇ ಮುಗಿಯುತ್ತವೆ.

ಹಾಗಾದರೆ 12, 14 ಮಿ.ಮೀ. ಇನ್ನೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅದೇ ಕೋಣೆಯಲ್ಲಿ 24ರಿಂದ 18ಕ್ಕೆ ಇಳಿದಾಗ ಪಕ್ಕದ ಗೋಡೆ ಒಂದೂ ಮುಕ್ಕಾಲು ಅಡಿಯಷ್ಟು ಹೆಚ್ಚು ಕಾಣುತ್ತದೆ. 18ರಿಂದ 14ಕ್ಕೆ ಇಳಿದಾಗ ಸಿಗುವುದು ಬರೀ ಒಂದಡಿ ಚಿಲ್ಲರೆ. ಆ ಒಂದಡಿಗೆ ತೆರುವ ಬೆಲೆ ಮಾತ್ರ ದೊಡ್ಡದು. ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ಲೆನ್ಸ್‌ಗಳು ಫ್ರೇಮಿನ ಅಂಚಿನತ್ತ ವಸ್ತುಗಳನ್ನು ಎಳೆದು ಹಿಗ್ಗಿಸುತ್ತವೆ. ಇದು ಲೆನ್ಸ್‌ನ ದೋಷವಲ್ಲ, ಅಷ್ಟು ಅಗಲದ ನೋಟವನ್ನು ಚಪ್ಪಟೆ ಚಿತ್ರದ ಮೇಲೆ ಹರಡುವುದರ ಅನಿವಾರ್ಯ ಫಲ. ಹತ್ತು ಪಟ್ಟು ಬೆಲೆಯ ಲೆನ್ಸ್ ಹಾಕಿದರೂ ತಪ್ಪುವುದಿಲ್ಲ. 24 ಮಿ.ಮೀ.ನ ಪಕ್ಕದ ಅಂಚಿನಲ್ಲಿ ಒಂದು ದುಂಡು ಮಡಕೆ ತನ್ನ ಎತ್ತರಕ್ಕಿಂತ 1.25 ಪಟ್ಟು ಅಗಲವಾಗಿ ಕಾಣುತ್ತದೆ, 18ರಲ್ಲಿ 1.4 ಪಟ್ಟು, 16ರಲ್ಲಿ ಒಂದೂವರೆ ಪಟ್ಟು, 14ರಲ್ಲಿ 1.6 ಪಟ್ಟಿಗೂ ಹೆಚ್ಚು. ಅಂಚಿನಲ್ಲಿರುವ ದಿವಾನ್, ಫ್ರಿಜ್, ವಾಷಿಂಗ್ ಮೆಷಿನ್‌ಗಳು ಬಸ್ಸಿನಷ್ಟು ಉದ್ದವಾಗಿ, ಎದುರು ಗೋಡೆಯ ಕಿಟಕಿ ದೂರದಲ್ಲೆಲ್ಲೋ ಇರುವಂತೆ ಕಂಡ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಅಂಥ ಫೋಟೊ ನೋಡಿ ಬಂದ ಗಿರಾಕಿ ಬಾಗಿಲಲ್ಲೇ ಮುಖ ಸಪ್ಪೆ ಮಾಡಿಕೊಳ್ಳುತ್ತಾನೆ. ಮನೆ ನಿಜಕ್ಕೂ ಚೆನ್ನಾಗಿದ್ದರೂ ಅವನಿಗೆ ಚಿಕ್ಕದೆನಿಸುತ್ತದೆ.

ಇದಕ್ಕೆ ಕಾನೂನಿನ ಮುಖವೂ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತು ಅಥವಾ ಮಾದರಿ ಫ್ಲ್ಯಾಟ್ ನಂಬಿ ಹಣ ಕೊಟ್ಟವರಿಗೆ ಅದರಲ್ಲಿನ ಸುಳ್ಳು ಮಾಹಿತಿಯಿಂದ ನಷ್ಟವಾದರೆ ಯೋಜನೆಯ ಪ್ರವರ್ತಕರು ಪರಿಹಾರ ಕೊಡಬೇಕಾಗುತ್ತದೆ. ನೀವು ಬಿಲ್ಡರ್‌ಗಳ ಪರವಾಗಿ ಹೊಸ ಫ್ಲ್ಯಾಟ್‌ಗಳ ಫೋಟೊ ತೆಗೆಯುವ ದಿನ ಬಂದರೆ ಇದು ನೆನಪಿರಲಿ. ಹಳೆಯ ಮನೆಯ ಬಾಡಿಗೆಗೆ ಕಾನೂನಿನ ಈ ತೂಕವಿಲ್ಲದಿದ್ದರೂ, ಫೋಟೊದ ಕೆಳಗೆ ಕೋಣೆಯ ಅಳತೆಯನ್ನು ಅಡಿಗಳಲ್ಲಿ ಬರೆಯುವ ರೂಢಿ ಮಾಡಿಕೊಳ್ಳಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ವೈಡ್ ಲೆನ್ಸ್ ಕೋಣೆಯನ್ನು ಪೂರ್ತಿ ತೋರಿಸಲು ಇರುವ ಸಾಧನ. ಅಳತೆ ಜೊತೆಗಿದ್ದರೆ ಅದು ಪ್ರಾಮಾಣಿಕವಾಗಿಯೂ ಉಳಿಯುತ್ತದೆ.

ಅಂಗಡಿಯಲ್ಲಿ ಹೆಚ್ಚು ಗೊಂದಲವಾಗುವುದು ಲೆನ್ಸ್‌ನ ಮೇಲೆ ಬರೆದ ಸಂಖ್ಯೆಯಲ್ಲಿ. ಎಪಿಎಸ್-ಸಿ ಎಂದು ಕರೆಯುವ ಕ್ರಾಪ್ ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದು. ಆದ್ದರಿಂದ ಲೆನ್ಸ್‌ನ ಮೇಲಿನ ಸಂಖ್ಯೆಯನ್ನು ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ಗಳಲ್ಲಿ 1.5ರಿಂದಲೂ ಕ್ಯಾನನ್‌ನಲ್ಲಿ 1.6ರಿಂದಲೂ ಗುಣಿಸಿದಾಗಲೇ ನಾವು ಮೇಲೆ ಮಾತಾಡಿದ ನೋಟ ಗೊತ್ತಾಗುತ್ತದೆ. ಕ್ರಾಪ್ ಬಾಡಿಗಳ ಜೊತೆಗೆ ಬಹುಕಾಲದಿಂದ ಬರುತ್ತಿರುವ 18–55 ಲೆನ್ಸ್‌ನ 18 ಹೀಗೆ ಗುಣಿಸಿದರೆ 27 ಅಥವಾ 29ರ ಹತ್ತಿರ ನಿಲ್ಲುತ್ತದೆ. ಅಂದರೆ 18 ಎಂದು ಬರೆದಿದೆಯಲ್ಲ ಎಂದು ಅದನ್ನೇ ಕೊಂಡರೆ ನಿಮ್ಮ ಮೊಬೈಲಿನ ಸಾಮಾನ್ಯ ಲೆನ್ಸ್‌ಗಿಂತ ಹೆಚ್ಚೇನೂ ಕಾಣುವುದಿಲ್ಲ. ನಿಮಗೆ ಬೇಕಾದದ್ದು 10, 11 ಅಥವಾ ಹೆಚ್ಚೆಂದರೆ 12ರಿಂದ ಶುರುವಾಗುವ ಜೂಮ್. ಹಾಗೆಯೇ ಫಿಶ್‌ಐ ಎಂದು ಬರೆದ ಲೆನ್ಸ್‌ಗಳು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಅವು ಬಾಗಿಲು, ಕಂಬ, ತೊಲೆಗಳ ನೇರ ಗೆರೆಗಳನ್ನೆಲ್ಲ ಬಿಲ್ಲಿನಂತೆ ಬಾಗಿಸುತ್ತವೆ. ಲೆನ್ಸ್‌ನ ಮುಂದೆ ತಿರುಗಿಸಿ ಹಾಕುವ ಅಗ್ಗದ ವೈಡ್ ಕನ್ವರ್ಟರ್‌ಗಳೂ ಬೇಡ, ಅವುಗಳಲ್ಲಿ ಮೂಲೆಗಳು ಮಸುಕಾಗುತ್ತವೆ.

ಹೆಸರು ಹಿಡಿದು ಹೇಳುವುದಾದರೆ, ಕ್ಯಾನನ್ ಕಡೆ ಹೋಗುವವರಿಗೆ 2023ರಲ್ಲಿ ಬಂದ ಆರ್‌ಎಫ್-ಎಸ್ 10–18 ಮಿ.ಮೀ. ಲೆನ್ಸ್ ಇದೆ. ಅದರ ತೂಕ 150 ಗ್ರಾಂ, ನೋಟ 16ರಿಂದ 29ರವರೆಗೆ. ಆರ್50 ಅಥವಾ ಆರ್10 ಬಾಡಿಗೆ ಹಾಕಿದರೆ ನಿಮ್ಮ ಕೆಲಸದ ಹೆಚ್ಚುಕಡಿಮೆ ಎಲ್ಲ ಫ್ರೇಮ್‌ಗಳೂ ಅದರಲ್ಲೇ ಸಿಗುತ್ತವೆ. ಮುಂದೆ ಫ್ಲ್ಯಾಶ್ ಬಳಸುವ ಯೋಚನೆಯಿದ್ದರೆ ಆರ್10 ಮೇಲು, ಏಕೆಂದರೆ ಆರ್50ರ ಮೇಲೆ ಫ್ಲ್ಯಾಶ್ ಕೂರಿಸುವ ಶೂಗೆ ಸಾಮಾನ್ಯ ಫ್ಲ್ಯಾಶ್ ಹಾಕಲು ಬೇರೆ ಅಡಾಪ್ಟರ್ ಕೊಳ್ಳಬೇಕು. ನಿಕಾನ್‌ನಲ್ಲಿ ಝಡ್ ಡಿಎಕ್ಸ್ 12–28 ಮಿ.ಮೀ. ಲೆನ್ಸ್ ಝಡ್30, ಝಡ್50 ಬಾಡಿಗಳಿಗೆ ಹೊಂದುತ್ತದೆ. ಅದು 18ರ ನೋಟದಿಂದ ಶುರುವಾಗುತ್ತದೆ, ತೀರ ಚಿಕ್ಕ ಕೋಣೆಯಲ್ಲಿ ಸ್ವಲ್ಪ ಕೈ ಕಟ್ಟುತ್ತದೆ, ಆದರೆ ಇನ್ನೊಂದು ತುದಿಯಲ್ಲಿ 42ರವರೆಗೆ ಹೋಗುವುದರಿಂದ ಅಲಂಕಾರದ ಬಿಡಿ ಚಿತ್ರಗಳಿಗೂ ಅದೇ ಆಗುತ್ತದೆ. ಸೋನಿಯ 6400ನಂಥ ಬಾಡಿ ಸಿಕ್ಕರೆ 10–18 ಎಫ್/4 ಅಥವಾ 2022ರ 10–20 ಎಫ್/4, ಎರಡೂ ಒಳ್ಳೆಯವೇ. ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ನಿಮಗೆ ಪರಿಚಯವಿರುವ ಮದುವೆ ಛಾಯಾಗ್ರಾಹಕರು ಯಾವುದನ್ನು ಬಳಸುತ್ತಾರೋ ಅದನ್ನೇ ಕೊಂಡರೆ, ಬ್ಯಾಟರಿ ಕೈಕೊಟ್ಟ ದಿನ ಎರವಲು ಕೇಳಲು ಒಬ್ಬರಾದರೂ ಇರುತ್ತಾರೆ.

ಹಣ ಬಿಗಿಯಾದರೆ ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಹಿಂದಿನ ಬಗೆಯ ಕ್ಯಾಮೆರಾ) ಕಡೆ ನೋಡುವುದರಲ್ಲಿ ಏನೂ ಕೀಳಿಲ್ಲ. ಟ್ರೈಪಾಡ್ ಮೇಲೆ ನಿಂತು, ಅಲುಗಾಡದ ಕೋಣೆಯ ಫೋಟೊ ತೆಗೆಯುವ ಈ ಕೆಲಸಕ್ಕೆ ಹೊಸ ಕ್ಯಾಮೆರಾಗಳ ವೇಗದ ಫೋಕಸ್, ಕಣ್ಣು ಗುರುತಿಸುವ ತಂತ್ರ ಯಾವುದೂ ಬೇಕಿಲ್ಲ. ಕ್ಯಾನನ್‌ನ 2014ರ ಇಎಫ್-ಎಸ್ 10–18 ಮತ್ತು ನಿಕಾನ್‌ನ 2017ರ ಎಎಫ್-ಪಿ 10–20 ಇಂದಿಗೂ ಒಳಾಂಗಣಕ್ಕೆ ಹೇಳಿ ಮಾಡಿಸಿದ ಲೆನ್ಸ್‌ಗಳು. ಇವನ್ನು ಅಡಾಪ್ಟರ್ ಮೂಲಕ ಮುಂದೆ ಅದೇ ಕಂಪನಿಗಳ ಮಿರರ್‌ಲೆಸ್ (ಕನ್ನಡಿಯಿಲ್ಲದ ಹೊಸ ಬಗೆಯ) ಬಾಡಿಗಳಿಗೂ ಹಾಕಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎರಡು ವಿಷಯ ಮಾತ್ರ ಎಚ್ಚರದಿಂದ ನೋಡಿ. ನಿಕಾನ್‌ನ ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000ದಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಹಾಗೆಯೇ ನಿಕಾನ್ ಡಿ3500 ಬಾಡಿಯಲ್ಲಿ ಬ್ರ್ಯಾಕೆಟಿಂಗ್ (ಒಂದೇ ಚಿತ್ರವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯುವ) ಸೌಲಭ್ಯವೇ ಇಲ್ಲ. ಡಿ5600ರಲ್ಲಿ ಇದೆ, ಕ್ಯಾನನ್ 200ಡಿ ಮಾರ್ಕ್ 2ರಲ್ಲಿಯೂ ಇದೆ. ಬ್ರ್ಯಾಕೆಟಿಂಗ್ ಏಕೆ ಅಷ್ಟು ಮುಖ್ಯ ಎಂಬುದನ್ನು ಕಿಟಕಿಯ ಮಾತು ಬಂದಾಗ ಹೇಳುತ್ತೇನೆ.

ಲೆನ್ಸ್ ಬದಲಿಸುವ ಗೊಡವೆಯೇ ಬೇಡ, ಜೇಬಿಗೆ ಹಾಕುವ ಕ್ಯಾಮೆರಾ ಸಾಕು ಎನ್ನುವವರೂ ಇದ್ದಾರೆ. ಅಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು 24ರ ನೋಟಕ್ಕೆ ನಿಂತುಬಿಡುತ್ತವೆ. ಹಾಲ್‌ಗೆ ಅದು ನಡೆಯುತ್ತದೆ, ಅಡುಗೆಮನೆ ಮತ್ತು ಬಾತ್‌ರೂಂಗೆ ಸಾಲದು. ಸೋನಿಯ 2023ರ ಝಡ್‌ವಿ-1 ಮಾರ್ಕ್ 2 ಮಾತ್ರ 18ರಿಂದ ಶುರುವಾಗುವ ಅಪರೂಪದ ಸಣ್ಣ ಕ್ಯಾಮೆರಾ. ಅದರ ಸೆನ್ಸರ್ ಒಂದು ಇಂಚಿನದು, ಎಂದರೆ ಕ್ರಾಪ್ ಬಾಡಿಯ ಸೆನ್ಸರ್‌ನ ಮೂರನೇ ಒಂದು ಪಾಲಿನಷ್ಟು ವಿಸ್ತೀರ್ಣದ್ದು. ಟ್ರೈಪಾಡ್ ಮೇಲಿಟ್ಟು ನಿಧಾನವಾಗಿ ತೆಗೆದರೆ ಅದೂ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ, ಆದರೆ ಅದರ ಬೆಲೆಯಲ್ಲಿ ಕ್ರಾಪ್ ಬಾಡಿಯ ಕಡೆಗೇ ನಾನು ವಾಲುತ್ತೇನೆ. ಮೊಬೈಲಿನ 0.5 ಲೆನ್ಸ್ 13 ಮಿ.ಮೀ. ಆಸುಪಾಸಿನದು, ಅಷ್ಟು ವೈಡ್ ನಿಮಗೆ ಬೇಕಿಲ್ಲ, ಮತ್ತು ಆ ಲೆನ್ಸ್‌ನ ಹಿಂದೆ ಸಾಮಾನ್ಯವಾಗಿ ಫೋನಿನ ಮುಖ್ಯ ಸೆನ್ಸರಿಗಿಂತ ಚಿಕ್ಕ ಸೆನ್ಸರ್ ಇರುವುದರಿಂದ ಮಂದ ಬೆಳಕಿನ ಕೋಣೆಗಳಲ್ಲಿ ಅದು ಬೇಗ ಸೋಲುತ್ತದೆ.

ಅಂಗಡಿಯವರು ಎಫ್/2.8 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ಅಗಲ) ತೋರಿಸಿ, ಕತ್ತಲೆ ಕೋಣೆಗೆ ಇದೇ ಬೇಕು ಎಂದರೆ ನಯವಾಗಿ ಬೇಡವೆನ್ನಿ. ಒಳಾಂಗಣದ ಚಿತ್ರದಲ್ಲಿ ಹತ್ತಿರದ ಟೀಪಾಯಿಯಿಂದ ದೂರದ ಪರದೆಯವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು. ಅದಕ್ಕಾಗಿ ನೀವು ಹೇಗೂ ಎಫ್/8ರಲ್ಲೇ ತೆಗೆಯುತ್ತೀರಿ. ಫುಲ್ ಫ್ರೇಮಿನಲ್ಲಿ 16 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಟ್ಟು ಮೂರೂವರೆ ಅಡಿ ದೂರಕ್ಕೆ ಫೋಕಸ್ ಮಾಡಿದರೆ ಎರಡಡಿಗಿಂತ ಹತ್ತಿರದಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೂ ಚಿತ್ರ ಸ್ಪಷ್ಟವಾಗಿರುತ್ತದೆ. ಕ್ರಾಪ್ ಸೆನ್ಸರ್‌ನ 10 ಮಿ.ಮೀ.ನಲ್ಲಿ ಇದು ಇನ್ನೂ ಸುಲಭ. ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯನ್ನು, ಎಂದರೆ ಐಎಸ್ಒವನ್ನು, 100 ಅಥವಾ 200ಕ್ಕೆ ಇಟ್ಟು, ಬೆಳಕು ಕಡಿಮೆಯಿದ್ದರೆ ಅರ್ಧ ಸೆಕೆಂಡು, ಎರಡು ಸೆಕೆಂಡು ಶಟರ್ ತೆರೆದಿಡುವುದೇ ಕ್ರಮ. ಆದ್ದರಿಂದಲೇ ಅಗಲ ಬಾಯಿಯ ಲೆನ್ಸ್‌ಗೆ ಕೊಡುವ ಹಣ ಟ್ರೈಪಾಡ್‌ಗೆ ಹೋಗಬೇಕು ಎನ್ನುತ್ತೇನೆ. ಮೆಗಾಪಿಕ್ಸೆಲ್ ವಿಷಯವೂ ಹೀಗೆಯೇ: 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್, 4ಕೆ ಟಿವಿಯ ಅಗಲವೇ 3840. ಅಂಚು ಕತ್ತರಿಸಿ, ಗೆರೆ ನೇರ ಮಾಡಿದ ಮೇಲೂ ಬೇಕಾದಷ್ಟು ಉಳಿಯುತ್ತದೆ.

ಈಗ ಗೋಡೆ ವಾಲುವ ವಿಷಯ. ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಬಾಗಿಸಿದ ಕೂಡಲೇ ಗೋಡೆಯ ನಿಂತ ಗೆರೆಗಳು ಒಂದು ಕಡೆ ಕೂಡಿಕೊಳ್ಳಲು ತೊಡಗುತ್ತವೆ. ಲೆನ್ಸ್ ವೈಡ್ ಆದಷ್ಟೂ ಇದು ಕಣ್ಣಿಗೆ ಹೊಡೆಯುತ್ತದೆ. ಕ್ಯಾಮೆರಾ ಪೂರ್ತಿ ಮಟ್ಟವಾಗಿದ್ದರೆ ಎಷ್ಟೇ ವೈಡ್ ಲೆನ್ಸ್‌ನಲ್ಲಿಯೂ ನಿಂತ ಗೆರೆಗಳು ನಿಂತೇ ಇರುತ್ತವೆ. ಮೊಬೈಲಿನಲ್ಲಿ ನಿಮಗಾಗಿರುವುದು ಇದೇ: ನಿಂತ ಎತ್ತರದಿಂದ ನೆಲ ಕಾಣಲೆಂದು ಫೋನನ್ನು ಕೆಳಕ್ಕೆ ಬಾಗಿಸುತ್ತೀರಿ, ಗೋಡೆಗಳು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ವಾಲುತ್ತವೆ. ಬಾಗಿಸುವ ಬದಲು ಇಡೀ ಕ್ಯಾಮೆರಾವನ್ನೇ ಕೆಳಗಿಳಿಸಬೇಕು. ಹಾಲ್ ಮತ್ತು ಬೆಡ್‌ರೂಂಗೆ ನೆಲದಿಂದ ನಾಲ್ಕಡಿ ಎತ್ತರ ಹೊಂದುತ್ತದೆ. ಅಡುಗೆಮನೆಯಲ್ಲಿ ಕಟ್ಟೆಯ ಗ್ರಾನೈಟ್ ಮೇಲ್ಮೈ ಸ್ವಲ್ಪ ಕಾಣುವಂತೆ ನಾಲ್ಕೂವರೆ ಅಡಿ ಇರಲಿ. ಹತ್ತೂವರೆ ಅಡಿ ದೂರದ ಗೋಡೆಯ ಮೇಲೆ 18ರ ನೋಟ ಮೇಲಕ್ಕೆ ಏಳಡಿ, ಕೆಳಕ್ಕೆ ಏಳಡಿ ಹಿಡಿಯುವುದರಿಂದ, ನಾಲ್ಕಡಿ ಎತ್ತರದಲ್ಲಿ ಮಟ್ಟವಾಗಿಟ್ಟ ಕ್ಯಾಮೆರಾಗೆ ಹತ್ತಡಿ ಎತ್ತರದ ಸೂರೂ ಕಾಣುತ್ತದೆ, ನೆಲವೂ ಧಾರಾಳವಾಗಿ ಕಾಣುತ್ತದೆ.

ಈ ಕೆಲಸಕ್ಕೆಂದೇ ಶಿಫ್ಟ್ ಲೆನ್ಸ್‌ಗಳೆಂಬ ವಿಶೇಷ ಲೆನ್ಸ್‌ಗಳಿವೆ. ಕ್ಯಾಮೆರಾ ಮಟ್ಟವಾಗಿರುವಂತೆಯೇ ಲೆನ್ಸನ್ನು ಮಾತ್ರ ಮೇಲೆ ಕೆಳಗೆ ಸರಿಸಿ ನೋಟವನ್ನು ಬದಲಿಸಿಕೊಳ್ಳಬಹುದು. ಕ್ಯಾನನ್‌ನ 17 ಮಿ.ಮೀ. ಟಿಎಸ್-ಇ, ನಿಕಾನ್‌ನ 19 ಮಿ.ಮೀ. ಪಿಸಿ ಲೆನ್ಸ್‌ಗಳು ವಾಸ್ತುಶಿಲ್ಪ ಛಾಯಾಗ್ರಾಹಕರ ಕೈಯಲ್ಲಿ ಕಾಣುವುದು ಇದಕ್ಕಾಗಿ. ಅವುಗಳ ಬೆಲೆ ನಿಮ್ಮ ಇಡೀ ಮೊತ್ತವನ್ನು ಮೀರುತ್ತದೆ. ಆದರೆ ಅದೇ ಫಲ ಪಡೆಯಲು ಒಂದು ದಾರಿಯಿದೆ, 16ರವರೆಗೆ ಹೋಗುವ ಲೆನ್ಸ್ ಇರಲಿ ಎಂದು ನಾನು ಹೇಳುವುದಕ್ಕೆ ಮುಖ್ಯ ಕಾರಣವೂ ಅದೇ. ಕ್ಯಾಮೆರಾವನ್ನು ಮಟ್ಟವಾಗಿಟ್ಟು, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ವೈಡ್ ಆಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೇಡವಾದ ಸೂರನ್ನೋ ನೆಲವನ್ನೋ ಕತ್ತರಿಸಿ ಹಾಕಿ. ಶಿಫ್ಟ್ ಲೆನ್ಸ್ ಮಾಡುವ ಕೆಲಸವೂ ರೂಪದಲ್ಲಿ ಇದೇ. ಬಾಗಿಸಿ ತೆಗೆದು ಆಮೇಲೆ ಸಾಫ್ಟ್‌ವೇರಿನಲ್ಲಿ ಗೆರೆ ನಿಲ್ಲಿಸುವುದೂ ಸಾಧ್ಯವೇ, ಅರ್ಧ ಡಿಗ್ರಿಯ ಓರೆಗೆ ಅದು ಸರಿ. ಹೆಚ್ಚು ಬಾಗಿಸಿದ್ದರೆ ಮಾತ್ರ ತಿದ್ದುವಾಗ ಮೂಲೆಗಳು ಕಳೆದುಹೋಗುತ್ತವೆ, ಸಾಮಾನುಗಳು ಎಳೆದಂತಾಗುತ್ತವೆ.

ಹಾಗಾಗಿ ಟ್ರೈಪಾಡ್ ಕೊಳ್ಳುವಾಗ ಎತ್ತರಕ್ಕಿಂತ ತಲೆಯ ಭಾಗವನ್ನು ನೋಡಿ. ಒಂದೇ ತಿರುಪು ಸಡಿಲಿಸಿದರೆ ಎಲ್ಲ ದಿಕ್ಕಿಗೂ ಹೊರಳುವ ಬಾಲ್ ಹೆಡ್‌ಗಿಂತ, ಒಂದೊಂದು ದಿಕ್ಕಿಗೂ ಬೇರೆ ಹಿಡಿಯಿರುವ ಅಥವಾ ಹಲ್ಲುಚಕ್ರದಿಂದ ಸಣ್ಣಗೆ ತಿರುಗುವ ಗೇರ್ಡ್ ಹೆಡ್ ಈ ಕೆಲಸಕ್ಕೆ ಬಹಳ ಅನುಕೂಲ. ಒಂದು ಕಡೆ ಮಟ್ಟ ಮಾಡಿದ್ದು ಇನ್ನೊಂದು ಕಡೆ ಸರಿಮಾಡುವಾಗ ಕೆಡುವುದಿಲ್ಲ. ಕ್ಯಾಮೆರಾದ ಪರದೆಯಲ್ಲಿ ಮಟ್ಟ ತೋರಿಸುವ ಗೆರೆ ಬರುತ್ತದೆಯೇ, ಅದು ಬರೀ ಅಡ್ಡ ಓರೆಯನ್ನಷ್ಟೇ ಅಲ್ಲದೆ ಮುಂದಕ್ಕೆ ಹಿಂದಕ್ಕೆ ಬಾಗಿರುವುದನ್ನೂ ತೋರಿಸುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಮಡಚುವ ಪರದೆ, ಫೋನಿಗೆ ಚಿತ್ರ ಕಳಿಸುವ ಆ್ಯಪ್, ಇವೆರಡೂ ಇದ್ದರೆ ಕ್ಯಾಮೆರಾವನ್ನು ನೀವು ನಿಲ್ಲಲಾಗದ ಮೂಲೆಗೆ ಒತ್ತಿಟ್ಟು, ಪಕ್ಕದಿಂದಲೋ ಬಾಗಿಲಾಚೆಯಿಂದಲೋ ಫ್ರೇಮ್ ನೋಡಿಕೊಂಡು ತೆಗೆಯಬಹುದು. ಚಿಕ್ಕ ಕೋಣೆಗಳಲ್ಲಿ ಈ ಒಂದಡಿಯ ಲಾಭ ಲೆನ್ಸ್ ಬದಲಿಸಿದಷ್ಟೇ ದೊಡ್ಡದು. ಬಾತ್‌ರೂಂಗೆ ಒಳಗೆ ಹೋಗಲೇಬೇಡಿ. ಬಾಗಿಲ ಹೊರಗೆ ಟ್ರೈಪಾಡ್ ಇಟ್ಟು, ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ತೆಗೆಯಿರಿ. ಕನ್ನಡಿಯಲ್ಲಿ ನೀವೂ ಬೀಳುವುದಿಲ್ಲ.

ಕಿಟಕಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಧ್ಯಾಹ್ನದ ಬಿಸಿಲಿಗೂ ಕೋಣೆಯೊಳಗಿನ ಬೆಳಕಿಗೂ ಏಳೆಂಟು ಸ್ಟಾಪ್‌ಗಳ ಅಂತರವಿರುತ್ತದೆ. ಒಂದು ಸ್ಟಾಪ್ ಎಂದರೆ ಎರಡು ಪಟ್ಟು; ಎಂಟು ಸ್ಟಾಪ್ ಎಂದರೆ 256 ಪಟ್ಟು. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಒಂದೇ ಎಕ್ಸ್‌ಪೋಷರ್‌ನಿಂದ ಇಷ್ಟು ವ್ಯತ್ಯಾಸವನ್ನು ಹಿತವಾಗಿ ಹಿಡಿಯಲಾಗದು. ಬ್ರ್ಯಾಕೆಟಿಂಗ್ ಬೇಕಾಗುವುದು ಇಲ್ಲಿ. ಕ್ಯಾಮೆರಾ ಅಲುಗದಂತೆ ಒಂದೇ ಫ್ರೇಮನ್ನು ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಅಥವಾ ಐದು ಸಲ ತೆಗೆದು, ಆಮೇಲೆ ಲೈಟ್‌ರೂಂ ಎಂಬ ಸಾಫ್ಟ್‌ವೇರಿನಲ್ಲಿ ಒಂದುಗೂಡಿಸಬೇಕು. ಐದು ಫ್ರೇಮ್ ತೆಗೆದರೆ ಎಂಟು ಸ್ಟಾಪ್‌ಗಳ ವ್ಯಾಪ್ತಿ ಸಿಗುತ್ತದೆ; ಮೂರೇ ಸಾಧ್ಯವಿರುವ ಬಾಡಿಯಾದರೂ ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಫೈಲ್) ತೆಗೆದರೆ ಸಾಕಾಗುತ್ತದೆ. ಕೊಳ್ಳುವ ಮುನ್ನ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ: ಎರಡು ಸೆಕೆಂಡಿನ ಟೈಮರ್ ಇಟ್ಟು ಒಮ್ಮೆ ಒತ್ತಿದರೆ ಬ್ರ್ಯಾಕೆಟ್‌ನ ಎಲ್ಲ ಫ್ರೇಮ್‌ಗಳೂ ತಾವಾಗಿ ಬೀಳುತ್ತವೆಯೇ ನೋಡಿ. ಪ್ರತಿ ಫ್ರೇಮಿಗೂ ಗುಂಡಿ ಒತ್ತಬೇಕಾದರೆ ಕ್ಯಾಮೆರಾ ಕೂದಲೆಳೆಯಷ್ಟಾದರೂ ಅಲುಗುತ್ತದೆ, ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ತೆಗೆಯುವ ಮೊದಲು ಸೀಲಿಂಗ್ ಫ್ಯಾನ್ ಆರಿಸಿ ಅದು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಓಡುವ ಫ್ಯಾನ್, ಗಾಳಿಗೆ ಆಡುವ ಪರದೆ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಒಂದುಗೂಡಿಸಿದಾಗ ದೆವ್ವದಂತೆ ನಾಲ್ಕಾರು ನೆರಳಾಗಿ ಕಾಣುತ್ತವೆ.

ಹಾಗೆಂದು ಎಲ್ಲವನ್ನೂ ಬ್ರ್ಯಾಕೆಟಿಂಗ್ ಮೇಲೆ ಹೊರಿಸುವುದು ಸರಿಯಲ್ಲ. ಪೂರ್ವದ ಕಿಟಕಿಯ ಕೋಣೆಯನ್ನು ಮಧ್ಯಾಹ್ನದ ಮೇಲೆ, ಪಶ್ಚಿಮದ ಕೋಣೆಯನ್ನು ಬೆಳಗ್ಗೆ ತೆಗೆದರೆ ನೇರ ಬಿಸಿಲು ಒಳಗೆ ಬೀಳದೆ ಅಂತರ ತಾನಾಗಿ ಕುಗ್ಗುತ್ತದೆ. ಮೋಡ ಕವಿದ ಆಷಾಢದ ದಿನಗಳು ಒಳಾಂಗಣಕ್ಕೆ ಬಹಳ ಒಳ್ಳೆಯವು. ಹೋಂಸ್ಟೇಗಳಲ್ಲಿ ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ, ಹೊರಗಿನ ನೀಲಿಯೂ ಒಳಗಿನ ದೀಪವೂ ಸಮವಾಗುವ ಹೊತ್ತು. ಒಂದೇ ಎಕ್ಸ್‌ಪೋಷರ್‌ನಲ್ಲಿ ಎರಡೂ ಬರುತ್ತವೆ. ನಮ್ಮ ಅಕ್ಷಾಂಶದಲ್ಲಿ ಆ ಹೊತ್ತು ಬಹಳ ಬೇಗ ಮುಗಿಯುತ್ತದೆ, ಆದ್ದರಿಂದ ಫ್ರೇಮನ್ನು ಮೊದಲೇ ಸಿದ್ಧ ಮಾಡಿಕೊಂಡು ಕಾಯಬೇಕು. ಕೊಡಗು, ಮಲೆನಾಡಿನ ಹಳೆಯ ಮನೆಗಳಲ್ಲಿ ಕಪ್ಪಾದ ಮರದ ತೊಲೆ, ಕೆಂಪು ನೆಲ, ಚಿಕ್ಕ ಕಿಟಕಿಗಳಿದ್ದು ಬೆಳಕು ಒಂದೇ ಮಗ್ಗುಲಿಂದ ಬರುತ್ತದೆ. ಅಲ್ಲಿ ನೆರಳನ್ನು ಪೂರ್ತಿ ಅಳಿಸಿ ಮನೆಯನ್ನು ಆಸ್ಪತ್ರೆಯ ವಾರ್ಡಿನಂತೆ ಬೆಳ್ಳಗೆ ಮಾಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಆ ಮಂದ ಬೆಳಕಿಗಾಗಿಯೇ ಅತಿಥಿಗಳು ಅಲ್ಲಿಗೆ ಹೋಗುತ್ತಾರೆ. ತೊಟ್ಟಿ ಮನೆಯಾದರೆ ತೊಟ್ಟಿಯ ಮೇಲಿನಿಂದ ಬೀಳುವ ಬೆಳಕನ್ನೇ ನೆಚ್ಚಿಕೊಂಡು, ಜಗಲಿಯ ನೆರಳಿನಿಂದ ಎದುರು ಜಗಲಿಯತ್ತ ನೋಡುವಂತೆ ಕ್ಯಾಮೆರಾ ಇಡಿ.

ದೀಪಗಳ ಬಣ್ಣದ ಬಗ್ಗೆಯೂ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ 6500 ಕೆಲ್ವಿನ್ ಬಿಳಿ ಟ್ಯೂಬ್, 3000 ಕೆಲ್ವಿನ್ ಹಳದಿ ಬಲ್ಬ್, ಕಿಟಕಿಯ ಹಗಲು ಬೆಳಕು, ಮೂರೂ ಒಂದೇ ಕೋಣೆಯಲ್ಲಿ ಸೇರಿ ಗೋಡೆಯ ಮೇಲೆ ನೀಲಿ, ಹಳದಿ ಪಟ್ಟೆಗಳನ್ನು ಎಳೆಯುತ್ತವೆ. ಹಗಲಿನಲ್ಲಿ ಎಲ್ಲ ದೀಪ ಆರಿಸಿ ತೆಗೆಯುವುದೇ ಸುರಕ್ಷಿತ. ದೀಪ ಬೇಕೇ ಬೇಕೆಂದರೆ ಒಂದೇ ಬಣ್ಣದವನ್ನು ಮಾತ್ರ ಹಚ್ಚಿ. ಅಗ್ಗದ ಎಲ್ಇಡಿಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಅದರಲ್ಲೂ ವೇಗದ ಶಟರ್‌ನಲ್ಲಿ, ಇದರಿಂದ ಅಡ್ಡ ಪಟ್ಟೆಗಳು ಬೀಳುತ್ತವೆ. ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರನ್ನು (ಆರ್50ರಲ್ಲಾದರೆ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಶಟರನ್ನು) ಆಯ್ದುಕೊಂಡು, ದೀಪದ ಬೆಳಕಿನ ಫ್ರೇಮ್‌ಗಳನ್ನು 1/50 ಸೆಕೆಂಡು ಅಥವಾ ಅದಕ್ಕಿಂತ ನಿಧಾನದಲ್ಲಿ ತೆಗೆದರೆ ತೊಂದರೆ ಇರುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ಮೇಲೆ ಕಿಟಕಿಯ ಹೊಳಪು ಜೋರಾಗಿದ್ದರೆ ಪೋಲರೈಸರ್ ಫಿಲ್ಟರ್ ಅದನ್ನು ತಗ್ಗಿಸುತ್ತದೆ, ಆದರೆ ಇಷ್ಟು ವೈಡ್ ನೋಟದಲ್ಲಿ ಅದರ ಪರಿಣಾಮ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೀಳುವುದರಿಂದ ಅದಕ್ಕೆ ನಾನು ಆದ್ಯತೆ ಕೊಡುವುದಿಲ್ಲ.

ಚಿತ್ರ ತಿದ್ದುವುದಕ್ಕೆ ಲೈಟ್‌ರೂಂಗೆ ತಿಂಗಳು ತಿಂಗಳು ಹಣ ಕಟ್ಟಲು ಮನಸ್ಸಿಲ್ಲದಿದ್ದರೆ ಡಾರ್ಕ್‌ಟೇಬಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಲೆನ್ಸ್‌ನ ಬಾಗು ತಿದ್ದುವುದು, ಗೆರೆ ನೆಟ್ಟಗೆ ಮಾಡುವುದು, ಬ್ರ್ಯಾಕೆಟ್ ಫ್ರೇಮ್‌ಗಳನ್ನು ಸೇರಿಸುವುದು ಮೂರೂ ಅದರಲ್ಲಾಗುತ್ತವೆ. ಈಗಿನ ಹಗುರ ವೈಡ್ ಲೆನ್ಸ್‌ಗಳು ಬಾಗು ತಿದ್ದುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟೇ ತಯಾರಾಗುತ್ತವೆ. ಆದ್ದರಿಂದ ಆ ತಿದ್ದುಪಡಿ ಆನ್ ಆಗಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಿ. ಇಲ್ಲವಾದರೆ ಬಾಗಿಲ ಚೌಕಟ್ಟು ಹೊರಕ್ಕೆ ಉಬ್ಬಿ ಕಂಡು ಲೆನ್ಸ್ ಕೆಟ್ಟಿದೆ ಎಂದು ಸುಮ್ಮನೆ ಗಾಬರಿಯಾಗುತ್ತೀರಿ.

ಅಂಗಡಿಗೆ ಹೋದಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಟೈಲ್ಸ್ ಗೋಡೆಯೋ ಶೆಲ್ಫ್‌ಗಳ ಸಾಲೋ ಇರುವ ಕಡೆ ಕ್ಯಾಮೆರಾವನ್ನು ನೇರ ಎದುರಿಗಿಟ್ಟು, ಲೆನ್ಸ್‌ನ ಅತ್ಯಂತ ವೈಡ್ ತುದಿಯಲ್ಲಿ, ಎಫ್/8ರಲ್ಲಿ ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ಒಂದು ಮೂಲೆ ಮಾತ್ರ ಉಳಿದ ಮೂರಕ್ಕಿಂತ ಮಸುಕಾಗಿದ್ದರೆ ಆ ಲೆನ್ಸ್‌ನ ಒಳಗಿನ ಗಾಜು ಓರೆಯಾಗಿ ಕೂತಿರುವ ಸಾಧ್ಯತೆಯಿದೆ, ಬೇರೊಂದನ್ನು ಕೇಳಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಆದರೆ ಬೆಳಕಿಗೆ ಹಿಡಿದು ಫಂಗಸ್ ನೋಡಿ. ಮಲೆನಾಡು, ಕರಾವಳಿಯ ಮಳೆ ಕಂಡ ಲೆನ್ಸ್‌ಗಳಲ್ಲಿ ಜೇಡರ ಬಲೆಯಂಥ ಎಳೆಗಳು ಒಳಗಾಜಿನ ಮೇಲೆ ಕಾಣಿಸುವುದು ಅಪರೂಪವಲ್ಲ. ಈ ಎರಡು ಪರೀಕ್ಷೆಗಳಲ್ಲಿ ಪಾಸಾದ ಕ್ರಾಪ್ ಬಾಡಿ, 10ರಿಂದ ಶುರುವಾಗುವ ಜೂಮ್ ಮತ್ತು ಗಟ್ಟಿ ಟ್ರೈಪಾಡ್‌ಗಳನ್ನು ಕೊಂಡ ಮೇಲೆ ಏನಾದರೂ ಉಳಿದರೆ ಇನ್ನೊಂದು ಬ್ಯಾಟರಿ ತೆಗೆದುಕೊಳ್ಳಿ. ಫುಲ್ ಫ್ರೇಮ್ ಬಗ್ಗೆ ಯೋಚಿಸಬೇಕಾದದ್ದು, ಶಿಫ್ಟ್ ಲೆನ್ಸ್ ಕೊಳ್ಳುವಷ್ಟು ಕೆಲಸ ವಾಸ್ತುಶಿಲ್ಪಿಗಳಿಂದಲೋ ರೆಸಾರ್ಟ್‌ಗಳಿಂದಲೋ ನಿಮಗೆ ಬರತೊಡಗಿದಾಗ.